ಧಣಿಯ ರಾಕೆಟ್ಟಿಗೆ ಧಣಿಯದೇ ಊರು

ಅಮೆರಿಕದ ಟೆಕ್ಸಾಸ್ ರಾಜ್ಯದ ದಕ್ಷಿಣ ತುದಿಯಲ್ಲಿ ಬೋಕಾ ಚೀಕಾ ಎಂಬ ಕಡಲ ದಂಡೆಯಿದೆ. ಕೋಟ್ಯಧೀಶ ಎಲಾನ್ ಮಸ್ಕರ ಸ್ಪೇಸ್‌ಎಕ್ಸ್ ಕಂಪೆನಿ ಅಲ್ಲಿ ಸ್ವಂತ ಉಡಾವಣಾ ನೆಲೆಯನ್ನು ಕಟ್ಟಿಕೊಂಡಿದೆ. 2014ರಲ್ಲಿ ಫ್ಲಾರಿಡಾದ ಸರ್ಕಾರಿ ನೆಲೆಯಲ್ಲಿನ ಹೆಸರಾಂತ 39ಎ ಕಟ್ಟೆಯನ್ನು 20 ವರ್ಷಕ್ಕೆ ಗುತ್ತಿಗೆ ಹಿಡಿದ ಕಂಪೆನಿಯೇ ಅದೇ ವರ್ಷ ಸ್ವಂತ ನೆಲಕ್ಕೂ ಕೈಹಾಕಿತು. ಏಕೆ? ರಾಕೆಟ್ಟಿಗೂ ನಮಗೂ ಏನು ಸಂಬಂಧವೆಂದು ಗಿರಣಿಯ ಬಂಧುಗಳೂ ಅಂಗಡಿಯ ಬಂಧುಗಳೂ ಈ ಪುಟ ಮಗುಚಬಾರದು. ನೆಲ ಯಾರದು ಎಂಬ ಹಳೆಯ ಪ್ರಶ್ನೆಯೇ ಇದು.

ಮೊದಲು ಕಂಪೆನಿಯ ವಾದ ಕೇಳೋಣ. 2005ರಲ್ಲಿ ಕ್ಯಾಲಿಫೋರ್ನಿಯದ ವಾಂಡೆನ್‌ಬರ್ಗ್ ಸೇನಾ ನೆಲೆಯಿಂದ ತನ್ನ ಮೊದಲ ರಾಕೆಟ್ಟನ್ನು ಹಾರಿಸಲು ಅದು ಅಣಿಯಾಗುತ್ತಿತ್ತು. ಹತ್ತಿರದ ಕಟ್ಟೆಯಲ್ಲಿ ಸರ್ಕಾರದ ಟೈಟನ್ ರಾಕೆಟ್ಟಿತ್ತು; ಅದು ಹೋಗುವ ತನಕ ಕಾಯಬೇಕಾಯಿತು. ಕಂಪೆನಿ ಗಂಟುಮೂಟೆ ಕಟ್ಟಿ ಶಾಂತಸಾಗರದ ಕ್ವಾಜಲೀನ್ ದ್ವೀಪಗಳಿಗೆ ಹೋಗಿ 2006ರಲ್ಲಿ ಅಲ್ಲಿಂದ ಹಾರಿಸಿತು. ಗೂಡ್ಸ್ ಷೆಡ್ಡಿನಲ್ಲಿ ವ್ಯಾಗನ್ನಿಗೆ ಕಾದ ವರ್ತಕನಿಗೆ ಈ ಸಂಕಟ ತಿಳಿಯದ್ದಲ್ಲ. 9 ಮೀಟರ್ ಅಗಲದ ಸ್ಟಾರ್‌ಶಿಪ್ಪನ್ನು ದೂರದಿಂದ ರಸ್ತೆಯ ಮೇಲೆ ಸಾಗಿಸುವುದು ಸುಲಭವಲ್ಲ. ಕಾರ್ಖಾನೆ ಕಟ್ಟೆಯ ಬಳಿಯೇ ಇರಬೇಕು. ಸಮಭಾಜಕಕ್ಕೆ ಹತ್ತಿರವಾದಷ್ಟೂ ಭೂಮಿಯ ತಿರುಗಾಟದ ನೂಕು ಹೆಚ್ಚು ದಕ್ಕುತ್ತದೆ. ಮೂಡಣಕ್ಕೆ ಕಡಲಿದ್ದರೆ ಅಪಾಯ ಕಡಿಮೆ. ಇದನ್ನೆಲ್ಲ ನಾವು ಅಲ್ಲಗಳೆಯುವುದಿಲ್ಲ.

ಆದರೆ ಈ 'ಸ್ವಂತ' ಎಂಬುದು ಎಷ್ಟು ಸ್ವಂತ? ಟೆಕ್ಸಾಸ್ ರಾಜ್ಯ ಸುಮಾರು ಒಂದೂವರೆ ಕೋಟಿ ಡಾಲರಿನ ನೆರವು ಘೋಷಿಸಿತು. 2021ರಲ್ಲಿ ನಾಸಾ ಸಂಸ್ಥೆ ಚಂದ್ರನ ಮೇಲೆ ಇಳಿಯುವ ಸ್ಟಾರ್‌ಶಿಪ್ಪಿಗಾಗಿ 289 ಕೋಟಿ ಡಾಲರಿನ ಕರಾರು ಮಾಡಿಕೊಂಡಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಕಡಲ ದಂಡೆ ಜನರದೆಂದು ಟೆಕ್ಸಾಸಿನಲ್ಲಿ 1959ರಲ್ಲೇ ಶಾಸನವಾಗಿದೆ. 2013ರಲ್ಲಿ ಅದೇ ಶಾಸನಸಭೆ ಉಡಾವಣೆಗಾಗಿ ದಂಡೆ ಮುಚ್ಚಲು ದಾರಿ ಮಾಡಿಕೊಟ್ಟಿತು. 2019ರಲ್ಲಿ ಅಲ್ಲಿನ ಪುಟ್ಟ ಹಳ್ಳಿಯವರ ಮುಂದೆ ಮನೆ ಮಾರಿ ಹೋಗಿರೆಂಬ ಪತ್ರ ಬಂತು. 2023ರ ಏಪ್ರಿಲ್ 20ರಂದು ಸ್ಟಾರ್‌ಶಿಪ್ ಮೊದಲ ಸಲ ಹಾರಿದಾಗ ಕಟ್ಟೆಯ ಕಾಂಕ್ರೀಟು ಪುಡಿಯಾಗಿ ಸಿಡಿಯಿತು. ಮೈಲಿಗಳಾಚೆಯ ಪೋರ್ಟ್ ಇಸಬೆಲ್ ಊರಿನ ಮೇಲೂ ಧೂಳು ಸುರಿಯಿತು.

ಕೊನೆಗೆ 2025ರ ಮೇ 3ರಂದು ಆ ಜಾಗವನ್ನು ಸ್ಟಾರ್‌ಬೇಸ್ ಎಂಬ ನಗರವನ್ನಾಗಿ ಮಾಡಲು ಮತದಾನವಾಯಿತು. ಪರವಾಗಿ 212, ವಿರೋಧವಾಗಿ 6. ಮತದಾರರಲ್ಲಿ ಬಹುಪಾಲು ಕಂಪೆನಿಯ ನೌಕರರು. ಮೇಯರ್ ಆದವರು ಕಂಪೆನಿಯ ಅಧಿಕಾರಿ! ಗಿರಣಿಯ ಧಣಿಯೇ ಪುರಸಭೆಯ ಅಧ್ಯಕ್ಷನೂ ಆದರೆ, ನಲ್ಲಿಯಲ್ಲಿ ನೀರು ಬಾರದ ದಿನ ಕಾರ್ಮಿಕ ಯಾರ ಬಾಗಿಲು ತಟ್ಟಬೇಕು? ಕೂಲಿ ಕೊಡುವ ಕೈಯೇ ಓಟಿನ ಪೆಟ್ಟಿಗೆಯ ಮೇಲೂ ಇದ್ದರೆ, ಬೇಡವೆನ್ನುವ ಧೈರ್ಯ ಎಷ್ಟು ಮಂದಿಗೆ ಉಳಿದೀತು?

ಸರದಿಯ ತೊಂದರೆಗೆ ಬೇರೆ ಮದ್ದಿಲ್ಲವೆ? ಇದೆ. ನಮ್ಮ ದೇಶದಲ್ಲೇ ನೋಡಿ. ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿರುವ ಇಸ್ರೋದ ಶ್ರೀಹರಿಕೋಟಾ ಆವರಣದೊಳಗೆ ಚೆನ್ನೈನ ಅಗ್ನಿಕುಲ್ ಕಂಪೆನಿ 2022ರಲ್ಲಿ ತನ್ನದೇ ಕಟ್ಟೆ ಕಟ್ಟಿತು. 2024ರ ಮೇ 30ರಂದು ಅಲ್ಲಿಂದ ರಾಕೆಟ್ ಹಾರಿಸಿತು. ಕಟ್ಟೆ ಕಂಪೆನಿಯದು, ಆವರಣ ಮಾತ್ರ ಸರ್ಕಾರದ್ದೇ. ಹೀಗೆ ಆಗಬಲ್ಲದೆಂದ ಮೇಲೆ, ರಾಕೆಟ್ಟಿಗಾಗಿ ಊರನ್ನೇ ಧಣಿಯ ಕೈಗಿಡಬೇಕಾದ ಅಗತ್ಯವೇನು?

ಸರದಿ ಉದ್ದವಾದರೆ ಸರ್ಕಾರ ಇನ್ನೂ ನಾಲ್ಕು ಕಟ್ಟೆ ಕಟ್ಟಲಿ; ಬಂದರಿನಲ್ಲಿ ಹಡಗಿನಿಂದ ಪಡೆಯುವಂತೆ ಬಾಡಿಗೆ ಪಡೆಯಲಿ; ಬಡ ಕಂಪೆನಿಗೂ ಬಲ್ಲಿದ ಕಂಪೆನಿಗೂ ಒಂದೇ ದರ ಇಡಲಿ. ನಾಳೆ ನಮ್ಮ ಕರಾವಳಿಗೂ ಯಾವುದಾದರೂ ಕಂಪೆನಿ 'ಸ್ವಂತ ನೆಲೆ' ಕೇಳಿಕೊಂಡು ಬಂದರೆ ನಮ್ಮ ಉತ್ತರ ಇಷ್ಟೆ: ಕಟ್ಟೆಯನ್ನು ಬಾಡಿಗೆಗೆ ಪಡೆಯಿರಿ, ಊರು ಬಾಡಿಗೆಗಿಲ್ಲ.