ಪರದೇಶಿ ಯಾರು?

ಮನುಷ್ಯನು ಹುಟ್ಟಿದ ನೆಲವನ್ನು ಬಿಟ್ಟು ಇನ್ನೊಂದು ನೆಲಕ್ಕೆ ಹೋಗುವುದು ಹೊಸ ಸಂಗತಿಯೇನೂ ಅಲ್ಲ. ಹೊಟ್ಟೆಪಾಡಿಗಾಗಿ ಹೋದವರುಂಟು, ವಿದ್ಯೆಗಾಗಿ ಹೋದವರುಂಟು, ಪ್ರಾಣಭಯದಿಂದ ಓಡಿಹೋದವರೂ ಉಂಟು. ಹೋಗುವ ಕ್ರಿಯೆ ಒಂದೇ. ಹೋದವರಿಗೆ ನಾವು ಕೊಡುವ ಹೆಸರುಗಳು ಮಾತ್ರ ಹಲವು. ಈ ಹೆಸರುಗಳು ಹೋದವನ ಸ್ಥಿತಿಗತಿಯನ್ನು ತಿಳಿಸುವುದಕ್ಕಿಂತ, ಹೆಸರಿಡುವವನು ಅವನಿಗೆ ಎಷ್ಟು ಮರ್ಯಾದೆ ಕೊಡಲು ಸಿದ್ಧನಾಗಿದ್ದಾನೆ ಎಂಬುದನ್ನೇ ಹೆಚ್ಚಾಗಿ ತಿಳಿಸುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊದಲು ನಮ್ಮ ಮನೆಮಾತನ್ನೇ ನೋಡೋಣ. ‘ಪರದೇಶಿ’ ಎಂದರೆ ಬೇರೆ ದೇಶದವನು, ಅಷ್ಟೇ. ಆದರೆ ‘ಅಯ್ಯೋ, ಪರದೇಶಿಯಾಗಿಬಿಟ್ಟ’ ಎಂದು ನಮ್ಮ ಅಜ್ಜಿಯಂದಿರು ಹೇಳಿದರೆ, ಹೇಳುವವರು ಕೇಳುವವರು ಯಾರೂ ಇಲ್ಲದ ಅನಾಥನಾದ ಎಂದೇ ಅರ್ಥ. ಹೊರಗಿನಿಂದ ಬಂದವನಿಗೆ ದಿಕ್ಕಿಲ್ಲವೆಂಬ ಲೋಕಾನುಭವ ಈ ಪದದಲ್ಲಿ ಅಡಗಿದೆ. ಇದರಲ್ಲಿ ಕನಿಕರವಾದರೂ ಇದೆ. ಎಲ್ಲ ಪದಗಳಲ್ಲಿಯೂ ಅದನ್ನು ಕಾಣಲಾರೆವು.

ಭಾರತ ಸರ್ಕಾರವು 2003ರಿಂದ ‘ಪ್ರವಾಸಿ ಭಾರತೀಯ ದಿವಸ’ವನ್ನು ಆಚರಿಸುತ್ತ ಬಂದಿದೆ. 2017ರಲ್ಲಿ ಅದು ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ಹಿಂದಿಯವರಿಗೆ ‘ಪ್ರವಾಸಿ’ ಎಂದರೆ ಪರದೇಶದಲ್ಲಿ ನೆಲೆಸಿದವನು. ಕನ್ನಡಿಗರಿಗಾದರೋ ಬೇಲೂರು, ಜೋಗಗಳನ್ನು ನೋಡಿಕೊಂಡು ಹೋಗಲು ಬಂದವನು! ಅದಿರಲಿ. ಆ ದಿವಸಕ್ಕೆ ಜನವರಿ 9ನ್ನು ಆರಿಸಿಕೊಂಡದ್ದೇಕೆ? 1915ರಲ್ಲಿ ಗಾಂಧೀಜಿಯವರು ದಕ್ಷಿಣ ಆಫ್ರಿಕದಿಂದ ಸ್ವದೇಶಕ್ಕೆ ಮರಳಿದ್ದು ಅಂದು. ಆದರೆ ಅವರು ಅಲ್ಲಿದ್ದಾಗ ಬಿಳಿಯರು ಅವರನ್ನು ಕರೆದದ್ದು ‘ಕೂಲಿ ಬ್ಯಾರಿಸ್ಟರ್’ ಎಂದು. ನಮ್ಮಲ್ಲಿ ಕೂಲಿಯೆಂದರೆ ದುಡಿಮೆಗೆ ಸಲ್ಲುವ ಪ್ರತಿಫಲ. ಅಲ್ಲಿ ಅದು ಒಂದು ಜನಾಂಗಕ್ಕೇ ಅಂಟಿಸಿದ ಬೈಗುಳ. ಆ ಬೈಗುಳದಿಂದ ತಪ್ಪಿಸಿಕೊಳ್ಳಲು ಅಲ್ಲಿನ ಮುಸಲ್ಮಾನ ವರ್ತಕರು ತಮ್ಮನ್ನು ‘ಅರಬ್ಬರು’ ಎಂದು ಹೇಳಿಕೊಳ್ಳುತ್ತಿದ್ದರಂತೆ. ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋದ ಬಡವರಿಗಾದರೋ ಆ ಕರಾರೇ ಹೆಸರಾಯಿತು: ‘ಅಗ್ರಿಮೆಂಟ್’ ಎಂಬ ಇಂಗ್ಲಿಷ್ ಮಾತು ಅವರ ಬಾಯಲ್ಲಿ ‘ಗಿರ್ಮಿಟ್’ ಆಗಿ, ಅವರು ‘ಗಿರ್ಮಿಟಿಯ’ರಾದರು.

ಇದು ಬಿಳಿಯರ ದರ್ಪ, ನಮಗೆ ಸಂಬಂಧಿಸಿದ್ದಲ್ಲ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಇಂದಿನ ಬೆಂಗಳೂರಿಗೆ ಕೆಲಸಕ್ಕೆಂದು ಬರುವ ಜರ್ಮನಿಯ ಇಂಜಿನಿಯರನು ‘ಎಕ್ಸ್‌ಪ್ಯಾಟ್’. ರಾತ್ರಿಯೆಲ್ಲ ಅವನ ಗೇಟು ಕಾಯುವ ನೇಪಾಳಿಯು ‘ಗೂರ್ಖಾ’. ಇಬ್ಬರೂ ಪರದೇಶದವರು, ಇಬ್ಬರೂ ಸಂಬಳಕ್ಕಾಗಿ ಬಂದವರು. ಮೇಲಾಗಿ, 1950ರ ಭಾರತ–ನೇಪಾಳ ಒಪ್ಪಂದದ ಪ್ರಕಾರ ಇಲ್ಲಿ ವಾಸಿಸುವ, ದುಡಿಯುವ ಅವಕಾಶ ನೇಪಾಳಿಗೆ ಉಂಟು. ಹೀಗಿದ್ದೂ ಒಬ್ಬನ ಹೆಸರಿನಲ್ಲಿ ಅಂತಸ್ತು, ಇನ್ನೊಬ್ಬನ ಹೆಸರಿನಲ್ಲಿ ಬರಿಯ ಲಾಠಿ, ಸೀಟಿ! ಹಾಗೆಯೇ ಅಮೆರಿಕದಲ್ಲಿರುವ ಮಗನನ್ನು ‘ಎನ್‌.ಆರ್‌.ಐ.’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸೌದಿ ಅರೇಬಿಯದ ಬಿಸಿಲಿನಲ್ಲಿ ಗೋಡೆ ಕಟ್ಟುವ ನಮ್ಮ ಕರಾವಳಿಯ ಹುಡುಗನೂ ಕಾನೂನಿನ ಕಣ್ಣಿನಲ್ಲಿ ಅನಿವಾಸಿ ಭಾರತೀಯನೇ. ಅವನಿಗೆ ಆ ಬಿರುದನ್ನು ಕೊಟ್ಟವರಾರು?

ಇನ್ನು ‘ನಿರಾಶ್ರಿತ’ ಎಂಬ ಪದ. 1685ರಲ್ಲಿ ಫ್ರಾನ್ಸಿನ ದೊರೆಯು ಪ್ರಾಟೆಸ್ಟಂಟರಿಗಿದ್ದ ರಕ್ಷಣೆಯನ್ನು ತೆಗೆದುಹಾಕಿದಾಗ ಇಂಗ್ಲೆಂಡಿಗೆ ಓಡಿಬಂದವರೊಡನೆ ‘ರೆಫ್ಯೂಜಿ’ ಎಂಬ ಮಾತೂ ಬಂದಿತು. ಅದರ ಮೂಲಾರ್ಥ ಆಶ್ರಯ ಪಡೆದವನು ಎಂದು. ನಾವು ಅದನ್ನು ಕನ್ನಡಕ್ಕೆ ತರುವಾಗ ಆಶ್ರಯವಿಲ್ಲದವನು ಎಂದುಬಿಟ್ಟೆವು! 1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದ ಮೇಲೆ, 1960ರ ದಶಕದ ಆರಂಭದಲ್ಲಿ ಮೈಸೂರು ಜಿಲ್ಲೆಯ ಬೈಲುಕುಪ್ಪೆಯಲ್ಲಿಯೂ, ಅನಂತರ ಉತ್ತರ ಕನ್ನಡದ ಮುಂಡಗೋಡಿನಲ್ಲಿಯೂ ಟಿಬೆಟನ್ನರ ವಸತಿಗಳು ಎದ್ದವು. ಅವರು ಕಾಡು ಕಡಿದು, ಜೋಳ ಬೆಳೆದು, ಮನೆ, ಮಠ, ಶಾಲೆಗಳನ್ನು ಕಟ್ಟಿದರು. ಅಲ್ಲಿಯೇ ಹುಟ್ಟಿ ಮುದುಕನಾಗುತ್ತಿರುವವನನ್ನು ಈಗಲೂ ನಿರಾಶ್ರಿತನೆನ್ನುವುದು, ಕೊಟ್ಟವರ ಔದಾರ್ಯಕ್ಕೂ ದುಡಿದವರ ಶ್ರಮಕ್ಕೂ ಮಾಡುವ ಅಪಚಾರವಲ್ಲವೆ? 1950ರ ಜನವರಿ 26ರಿಂದ 1987ರ ಜೂನ್ ಕೊನೆಯವರೆಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಜನ್ಮತಃ ಭಾರತದ ಪೌರರೇ ಎಂದು 2010ರಲ್ಲಿ ದೆಹಲಿಯ, 2013ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯಗಳು ತೀರ್ಪಿತ್ತವು. ಕಾನೂನು ‘ಪೌರ’ನೆಂದವನನ್ನೂ ನಮ್ಮ ನಾಲಗೆ ‘ನಿರಾಶ್ರಿತ’ನೆನ್ನುತ್ತಲೇ ಇದೆ.

‘ಹೆಸರು ಬದಲಾಯಿಸಿದರೆ ಹೊಟ್ಟೆ ತುಂಬೀತೇ?’ ಎಂದು ಕೆಲವರು ಕೇಳಬಹುದು. ತುಂಬದು, ನಿಜ. ಗಡಿಯುಳ್ಳ ರಾಜ್ಯವು ಬಂದವರಲ್ಲಿ ಯಾರು ಯಾವ ಕಾರಣಕ್ಕಾಗಿ ಬಂದರೆಂದು ವಿಂಗಡಿಸಲೇಬೇಕೆಂಬುದೂ ನಿಜ. ಆದರೆ ವಿಂಗಡಿಸುವುದು ಬೇರೆ, ಹೀಗಳೆಯುವುದು ಬೇರೆ. ಅಪ್ಪಣೆಯಿಲ್ಲದೆ ಗಡಿ ದಾಟಿದ್ದು ಅಕ್ರಮವಾಗಬಹುದು. ದಾಟಿದ ಮನುಷ್ಯನೇ ‘ಅಕ್ರಮ’ನಾಗುವುದು ಹೇಗೆ? ವಿಶ್ವಸಂಸ್ಥೆಯ ಮಹಾಸಭೆಯು 1975ರಲ್ಲಿಯೇ, ಇಂಥ ಕೆಲಸಗಾರರನ್ನು ‘ದಾಖಲೆಯಿಲ್ಲದವರು’ ಎಂದು ಮುಂತಾಗಿ ಕರೆಯಬೇಕೆಂದು ತನ್ನ ಅಂಗಸಂಸ್ಥೆಗಳಿಗೆ ಸೂಚಿಸಿತು. ದಾಖಲೆಯ ಕೊರತೆಯನ್ನು ತುಂಬಿಕೊಡಬಹುದು. ಹುಟ್ಟಿಗೆ ಬಳಿದ ಮಸಿಯನ್ನು ತೊಳೆಯುವುದು ಕಷ್ಟ. ಕಚೇರಿಯ ಕಡತವೂ ಪದದಿಂದಲೇ ಆರಂಭವಾಗುತ್ತದೆ. ಮೊದಲ ಸಾಲಿನಲ್ಲಿ ಬರೆದ ಪದವೇ ಕೊನೆಯ ಸಾಲಿನ ಅಪ್ಪಣೆಯನ್ನು ಅರ್ಧ ನಿಶ್ಚಯಿಸಿರುತ್ತದೆ.

ಈ ಕಾಲೇಜಿನಿಂದ ಹೊರಬೀಳುವ ನಮ್ಮಲ್ಲಿ ಕೆಲವರು ಉಪಾಧ್ಯಾಯರಾಗುವರು, ಕೆಲವರು ಗುಮಾಸ್ತರು, ಕೆಲವರು ಪತ್ರಿಕೆಯವರು. ಪದಗಳನ್ನು ನಾಳೆ ಚಲಾವಣೆಗೆ ಬಿಡುವವರು ನಾವೇ. ಆಶ್ರಯ ಬೇಡಿ ಬಂದವನನ್ನು ಆಶ್ರಯಾರ್ಥಿಯೆನ್ನೋಣ, ದುಡಿಯಲು ಬಂದವನನ್ನು, ಅವನ ಮೈಬಣ್ಣ ಯಾವುದೇ ಇರಲಿ, ಕೆಲಸಗಾರನೆನ್ನೋಣ, ನೆಲೆಯೂರಿದವನನ್ನು ನೆರೆಯವನೆನ್ನೋಣ. ‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ?’ ಎಂಬುದು ನಮ್ಮ ಗಾದೆ. ನೀರಿಗೆ ಬಂದವಳನ್ನು ಯಾವ ಹೆಸರಿನಿಂದ ಕೂಗುತ್ತೇವೆ ಎಂಬುದರ ಮೇಲೆ, ಆಕೆಯ ಬಿಂದಿಗೆ ತುಂಬುವುದೋ ಬರಿದಾಗಿಯೇ ಹಿಂದಿರುಗುವುದೋ ನಿಂತಿದೆ.