ತೆರೆಯದ ಪೆಟ್ಟಿಗೆ

ಕಳೆದ ಕ್ರಿಸ್ತಜಯಂತಿಯ ಮರುವಾರ ಮನೆಗಳ ಆಶೀರ್ವಾದಕ್ಕೆಂದು ಬನಹಟ್ಟಿಗೆ ಹೋಗಿದ್ದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿಗಳ ಈ ಸೀಮೆಯಲ್ಲಿ ನಮ್ಮ ಕಥೋಲಿಕ ಕುಟುಂಬಗಳು ಚದುರಿ ನೆಲೆಸಿವೆ. ಒಂದು ಮನೆಯಿಂದ ಇನ್ನೊಂದನ್ನು ತಲುಪುವಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಅರ್ಧ ದಿನ ಕಳೆದುಹೋಗುತ್ತದೆ. ಒಂದು ನೇಕಾರರ ಮನೆಯಲ್ಲಿ ಪ್ರಾರ್ಥನೆ ಮುಗಿಸಿ ತೀರ್ಥ ಚಿಮುಕಿಸುತ್ತಿದ್ದಾಗ, ಗೋಡೆಯ ಮಾಡದಲ್ಲಿ ಮಾತೆ ಮರಿಯಮ್ಮನವರ ಚಿತ್ರದ ಪಕ್ಕದಲ್ಲೊಂದು ಗೊಂಬೆ ಕಂಡಿತು. ಕಪ್ಪು ನಿಲುವಂಗಿ, ಕಪ್ಪು ಮುಖವಾಡ. ಅಂಗಡಿಯಿಂದ ಬಂದ ಪೆಟ್ಟಿಗೆಯೊಳಗೇ ಮುಚ್ಚಿಕೊಂಡು ನಿಂತಿತ್ತು.

"ಇದರ ಮ್ಯಾಲೂ ಒಂದೀಟು ಹಾಕ್ರಿ ಫಾದರ್, ಇದೂ ನಮ್ಮನಿ ದೇವರ ಆಗೈತ್ರಿ" ಎಂದರು ಮನೆಯ ಯಜಮಾನರು. ಮಾತಿನಲ್ಲಿ ನಗೆಯಿತ್ತು, ನಗೆಯೊಳಗೆ ನೋವಿತ್ತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಅಲ್ಲಿಯ ಕಾಮಿಕ್ ಕಾನ್ ಎಂಬ ಮೇಳದಲ್ಲಿ ಅದನ್ನು ಕೊಂಡು ತಂದಿದ್ದ. ಅಕ್ಕನ ನಾಲ್ಕು ವರ್ಷದ ಮಗಳು ಮುಟ್ಟಲು ಹೋದರೆ ಗದರುತ್ತಿದ್ದ. ಪೆಟ್ಟಿಗೆ ತೆರೆದರೆ ಬೆಲೆ ಹೋಗುತ್ತದೆಯಂತೆ.

ಇದು ವಿಗ್ರಹಾರಾಧನೆಯೇ ಎಂಬುದು ಆ ತಂದೆಯ ಪ್ರಶ್ನೆ. ಪ್ರಶ್ನೆ ಅವರೊಬ್ಬರದೇ ಅಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ವೈಜ್ಞಾನಿಕ ಕಥೆಗಳ ಅಭಿಮಾನಿಗಳು ಒಂದೆಡೆ ಸೇರುವ ರೂಢಿ ಹಳೆಯದು. 1939ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಮೊದಲ ವಿಶ್ವ ಸಮ್ಮೇಳನ ಜರುಗಿತು. 1966ರಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ಎಂಬ ದೂರದರ್ಶನ ಧಾರಾವಾಹಿಯ ಅಭಿಮಾನಿಗಳಂತೂ ಪತ್ರಗಳ ಮಳೆಗರೆದು, 1976ರಲ್ಲಿ ಅಮೆರಿಕದ ಮೊದಲ ಸ್ಪೇಸ್ ಷಟಲ್ ನೌಕೆಗೆ ತಮ್ಮ ಕಥೆಯ ನೌಕೆಯ ಹೆಸರಾದ 'ಎಂಟರ್‌ಪ್ರೈಸ್' ಎಂಬುದನ್ನೇ ಇಡಿಸಿದರು. (ಪರೀಕ್ಷೆಗಾಗಿ ನಿರ್ಮಿತವಾದ ಆ ನೌಕೆ ಬಾಹ್ಯಾಕಾಶವನ್ನು ಕಾಣಲೇ ಇಲ್ಲ ಎಂಬುದು ಬೇರೆ ಮಾತು.) ಬೆಂಗಳೂರಿನಲ್ಲಿ ಕಾಮಿಕ್ ಕಾನ್ ನಡೆಯತೊಡಗಿದ್ದು 2012ರಿಂದ. ಕನ್ನಡದಲ್ಲಿಯೂ 2002ರಲ್ಲಿ ಉಪೇಂದ್ರರು ಯಂತ್ರಮಾನವನಾಗಿ ನಟಿಸಿದ 'ಹಾಲಿವುಡ್' ಬಂದಿದೆ. ಆದರೆ ನಮ್ಮ ಹುಡುಗರ ಕೋಣೆಗಳನ್ನು ತುಂಬುತ್ತಿರುವವು ಪರದೇಶದ ಗೊಂಬೆಗಳೇ.

1977ರಲ್ಲಿ 'ಸ್ಟಾರ್ ವಾರ್ಸ್' ತೆರೆಕಂಡಾಗ ಅದರ ಗೊಂಬೆಗಳಿಗೆ ಅಷ್ಟು ಬೇಡಿಕೆ ಬಂದೀತೆಂದು ತಯಾರಕರಾದ ಕೆನ್ನರ್ ಸಂಸ್ಥೆಯವರು ಊಹಿಸಿರಲಿಲ್ಲ. ಕ್ರಿಸ್ಮಸ್ ಸಮೀಪಿಸಿತು, ಗೊಂಬೆಗಳು ಸಿದ್ಧವಾಗಿರಲಿಲ್ಲ. ಆಗ ಅವರು ಗೊಂಬೆಗಳಿಲ್ಲದ ಒಂದು ರಟ್ಟಿನ ಲಕೋಟೆಯನ್ನು ಮಾರಿದರು. ಒಳಗಿದ್ದದ್ದು ಒಂದು ಚೀಟಿ: ಇದನ್ನು ಅಂಚೆಗೆ ಹಾಕಿದರೆ ಮುಂದಿನ ವರ್ಷ ನಾಲ್ಕು ಗೊಂಬೆಗಳು ಬರುತ್ತವೆ. ಮಕ್ಕಳು ಕಾದರು, ಗೊಂಬೆಗಳೂ ಬಂದವು. ವ್ಯಾಪಾರಿಗಳ ಈ ಜಾಣ್ಮೆಗೆ ನಾನು ನಗುತ್ತೇನೆ. ಆದರೆ ಬರಲಿರುವುದಕ್ಕಾಗಿ ಕಾಯುವ ಆ ಮಕ್ಕಳನ್ನು ಕುರಿತು ನಗಲಾರೆ. ಪ್ರತಿ ಆಗಮನ ಕಾಲದಲ್ಲಿ ಖಾಲಿ ಗೋದಲಿಯ ಮುಂದೆ ಮಕ್ಕಳನ್ನು ಕೂರಿಸಿ ಕಾಯಲು ಕಲಿಸುವವರು ನಾವೇ ಅಲ್ಲವೇ?

ಪ್ರೀತಿಪಾತ್ರರ ವಸ್ತುವನ್ನು ಜೋಪಾನ ಮಾಡುವುದರಲ್ಲಿ ತಪ್ಪಿಲ್ಲ. ಸಂತರ ಅವಶೇಷಗಳನ್ನು ಗೌರವಿಸುವವರು ನಾವು. ಗೌರವ ಬೇರೆ, ಆರಾಧನೆ ಬೇರೆ ಎಂಬ ವಿವೇಚನೆಯನ್ನು 787ರ ನಿಕೇಯ ಮಹಾಸಭೆ ನಮಗೆ ಕೊಟ್ಟಿದೆ. ಆದರೆ ಇನ್ನೊಂದು ನಿಯಮವೂ ಇದೆ, ಅದನ್ನು ಹಲವರು ಅರಿಯರು. ಧರ್ಮಸಭೆಯ ಕಾನೂನಿನ 1190ನೆಯ ವಿಧಿಯಂತೆ ಪವಿತ್ರ ಅವಶೇಷಗಳನ್ನು ಮಾರುವುದು ನಿಷಿದ್ಧ. ಗೌರವದ ವಸ್ತುವಿಗೆ ಬೆಲೆ ಕಟ್ಟಿದೊಡನೆ ಗೌರವ ಬೆಲೆಯ ಕಡೆಗೆ ಜಾರುತ್ತದೆಂಬುದನ್ನು ಹಿರಿಯರು ಬಲ್ಲವರಾಗಿದ್ದರು. 2023ರ ಅಕ್ಟೋಬರಿನಲ್ಲಿ ಅದೇ 'ಸ್ಟಾರ್ ವಾರ್ಸ್' ಚಿತ್ರೀಕರಣಕ್ಕೆ ಬಳಸಿದ್ದ ಒಂದು ಪುಟ್ಟ ಮಾದರಿ ವಿಮಾನ ಅಮೆರಿಕದ ಹರಾಜಿನಲ್ಲಿ 31 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಅದನ್ನು ಇಟ್ಟುಕೊಂಡಿದ್ದ ಕುಶಲಕರ್ಮಿ ತೀರಿಕೊಂಡ ಮೇಲೆ, ಅವರ ಗ್ಯಾರೇಜಿನ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಅದು ಸಿಕ್ಕಿತ್ತು.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ಒಂದು ಉದಾಹರಣೆ ನನಗೆ ಬಹಳ ಹಿಡಿಸಿತ್ತು. ಪಾದರಕ್ಷೆಗೆ ಎರಡು ಉಪಯೋಗ: ಮೆಟ್ಟುವುದು ಒಂದು, ಕೊಟ್ಟು ಇನ್ನೊಂದನ್ನು ಪಡೆಯುವುದು ಮತ್ತೊಂದು. ಮೊದಲನೆಯದೇ ಅದರ ನಿಜವಾದ ಉಪಯೋಗ ಎನ್ನುತ್ತಾನೆ ಆತ. ಪೆಟ್ಟಿಗೆ ತೆರೆಯದ ಗೊಂಬೆಗೆ ಎರಡನೆಯದು ಮಾತ್ರ ಉಳಿದಿದೆ. ಯಾರೂ ಆಡದಿರುವುದೇ ಅದರ ಬೆಲೆ! ಬನಹಟ್ಟಿಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜರಿಯ ಸೀರೆಯನ್ನು ಉಡದೆ, ಮಡಿಕೆ ಬದಲಿಸದೆ ಪೆಟ್ಟಿಗೆಯಲ್ಲಿಟ್ಟರೆ ಮಡಿಕೆಯ ಗೆರೆಯಲ್ಲೇ ಅದು ಸೀಳುತ್ತದೆ. (ಲೂರ್ದಿನ ತೀರ್ಥದ ಬಾಟಲಿಯನ್ನು ಗಾಜಿನ ಕಪಾಟಿನಲ್ಲಿ ಬೀಗ ಹಾಕಿಟ್ಟು, ಕಾಯಿಲೆಯವರು ಕೇಳಿದರೂ ಕೊಡದ ಮನೆಯೊಂದನ್ನು ಹಿಂದೆ ಕಂಡಿದ್ದೇನೆ. ನಮ್ಮ ಹುಡುಗರನ್ನು ಬೈಯುವ ಮೊದಲು ಇದನ್ನೂ ನೆನೆಯಬೇಕು.)

ಇಟ್ಟುಕೊಳ್ಳುವವರಿಂದ ಲೋಕಕ್ಕಾದ ಉಪಕಾರವನ್ನು ಮಾತ್ರ ಮರೆಯಲಾಗದು. 1963ರಲ್ಲಿ ಆರಂಭವಾದ 'ಡಾಕ್ಟರ್ ಹೂ' ಎಂಬ ಬ್ರಿಟಿಷ್ ವೈಜ್ಞಾನಿಕ ಧಾರಾವಾಹಿಯ ಹಲವಾರು ಕಂತುಗಳ ಟೇಪುಗಳನ್ನು ಬಿಬಿಸಿಯೇ ಅಳಿಸಿಹಾಕಿತ್ತು. ಆ ಕಂತುಗಳ ಧ್ವನಿಯಾದರೂ ಇಂದು ಉಳಿದಿರುವುದು, ಮನೆಯಲ್ಲಿ ದೂರದರ್ಶನದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕುಳಿತ ಅಭಿಮಾನಿಗಳಿಂದ. ಅಷ್ಟು ದೂರವೇಕೆ? ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರು ಮುಂಬಯಿಯ ಚಿತ್ರರಂಗದಲ್ಲಿ ಹೆಸರಾದ ಗಾಯಕಿ. 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶವೇ ಅವರನ್ನು ಅರಿಯಿತು. 1965ರಲ್ಲಿ ಅವರು ತೀರಿಕೊಂಡರು. ಅವರ ಕಾಲದ ಅರಗಿನ ತಟ್ಟೆಗಳು ಕೈಜಾರಿದರೆ ಒಡೆಯುವಂಥವು; ಅಂಥವನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದವರಲ್ಲಿ ಹಳೆಯ ಹಾಡುಗಳ ಹುಚ್ಚು ಹಿಡಿದ ಸಂಗ್ರಾಹಕರೂ ಇದ್ದಾರೆ. ಅವರು ಇಟ್ಟುಕೊಂಡರು, ನುಡಿಸಿದರು, ಕರೆದು ಕೇಳಿಸಿದರು. ಇದು ಬೀಗ ಹಾಕಿಡುವ ಅಭಿಮಾನವಲ್ಲ.

ಅಭಿಮಾನ ಎಂಬ ಮಾತಿಗೆ ಕನ್ನಡ ನಾಡಿನಲ್ಲಿ ತೂಕ ಹೆಚ್ಚು. ಡಾ. ರಾಜಕುಮಾರ್ ಅವರು ಅಭಿಮಾನಿಗಳನ್ನೇ ದೇವರೆಂದು ಕರೆದರು. 2006ರ ಏಪ್ರಿಲ್ 12ರಂದು ಅವರು ನಿಧನರಾದಾಗ ಬೆಂಗಳೂರಿನಲ್ಲಿ ಬೆಂಕಿ ಹತ್ತಿತು, ಪೊಲೀಸರೊಬ್ಬರೂ ಸೇರಿ ಹಲವರು ಸತ್ತರು. ಅದೇ ಹೊತ್ತಿನಲ್ಲಿ ಅವರ ಕಣ್ಣುಗಳು ಇಬ್ಬರಿಗೆ ಬೆಳಕಾದವು. 1994ರಲ್ಲಿ ತಮ್ಮ ಹೆಸರಿನ ನೇತ್ರ ಬ್ಯಾಂಕ್ ಆರಂಭವಾದಾಗಲೇ ಅವರು ಮಾತು ಕೊಟ್ಟಿದ್ದರು. 2021ರ ಅಕ್ಟೋಬರ್ 29ರಂದು ಅಗಲಿದ ಪುನೀತ್ ಅವರ ಕಣ್ಣುಗಳಿಂದ ನಾಲ್ವರು ದೃಷ್ಟಿ ಪಡೆದರು. ಅನಂತರ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿದರು. ಕಲ್ಲು ಹಿಡಿದ ಕೈಯೂ ಹೆಸರು ಬರೆಸಿದ ಕೈಯೂ ಅಭಿಮಾನಿಯವೇ. ಹೀಗಿರುವಾಗ ಅಭಿಮಾನ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕಿಂತ, ಅದು ಕೈ ಮುಚ್ಚಿಸಿತೋ ತೆರೆಸಿತೋ ಎಂದು ಕೇಳುವುದು ಲೇಸೆಂದು ನನ್ನ ಅಭಿಪ್ರಾಯ.

ಇಂಥ ಕಥೆಗಳೇ ವಿಶ್ವಾಸಕ್ಕೆ ಹಾನಿಕರ ಎನ್ನುವ ಸೋದರರಿಗೆ ಒಂದು ಮಾತು. 2015ರಿಂದ 2025ರವರೆಗೆ ವ್ಯಾಟಿಕನ್ ಖಗೋಳ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಯೇಸುಸಭೆಯ ಬ್ರದರ್ ಗೈ ಕನ್ಸೊಲ್‌ಮಾನ್ಯೊ ಅವರು ಚಿಕ್ಕಂದಿನಿಂದಲೂ ವೈಜ್ಞಾನಿಕ ಕಥೆಗಳ ಅಭಿಮಾನಿ. ಅಂಥ ಸಮ್ಮೇಳನಗಳ ವೇದಿಕೆಯಲ್ಲಿ ಕುಳಿತು ಮಾತನಾಡಿದವರು. ಅವರ ನಂತರ ಆ ಪೀಠಕ್ಕೆ ಬಂದವರು ನಮ್ಮ ನೆರೆಯ ಗೋವೆಯ ಯೇಸುಸಭೆಯ ಗುರು ರಿಚರ್ಡ್ ಡಿಸೋಜ ಅವರು. ಯಂತ್ರಕ್ಕೆ ಬುದ್ಧಿ ಬಂದರೆ ಮನುಷ್ಯನೆಂದರೇನು, ಬೇರೆ ಗ್ರಹದಲ್ಲಿ ಜೀವಿಗಳಿದ್ದರೆ ಅವರೂ ದೇವರ ಮಕ್ಕಳೇ? ಇವು ಗುರುಮಠದ ತರಗತಿಯ ಪ್ರಶ್ನೆಗಳು. ನಮ್ಮ ಹುಡುಗರು ಚಿತ್ರಮಂದಿರದ ಕತ್ತಲೆಯಲ್ಲಿ ಇವನ್ನೇ ಎದುರಿಸಿ ಬರುತ್ತಾರೆ. ಹೊರಗೆ ಬಂದ ಮೇಲೆ ಮಾತನಾಡಲು ಅವರಿಗೆ ಮನೆಯಲ್ಲಿ ಯಾರೂ ಸಿಗುವುದಿಲ್ಲ.

ಬನಹಟ್ಟಿಯ ಆ ಮನೆಯಲ್ಲಿ ನಾನು ಮಾಡಿದ್ದು ಇಷ್ಟೇ: ಗೊಂಬೆಯನ್ನು ಮರಿಯಮ್ಮನವರ ಪಕ್ಕದಿಂದ ಪುಸ್ತಕದ ಶೆಲ್ಫಿಗೆ ಇಡಿಸಿದೆ, ಮತ್ತು ಇದು ಯಾರು ಎಂದು ಮಗನನ್ನು ಕೇಳಿದೆ. ಆಗ ಕರೆಂಟ್ ಹೋಗಿ ಮಗ್ಗಗಳು ನಿಂತಿದ್ದವು. ಹುಡುಗ ಮೊದಲು ಸಂಕೋಚಪಟ್ಟ. ಆಮೇಲೆ ಹೇಳತೊಡಗಿದ: ಈತ ಡಾರ್ತ್ ವೇಡರ್, ಮೊದಲು ಒಳ್ಳೆಯವನಿದ್ದ, ಕೆಟ್ಟುಹೋಗಿ ಅರ್ಧ ಯಂತ್ರವಾದ, ಈ ಮುಖವಾಡವಿಲ್ಲದೆ ಉಸಿರಾಡಲಾರ, ಈತನಿಗೆ ಒಬ್ಬ ಮಗನಿದ್ದಾನೆ. 1983ರ ಚಿತ್ರದ ಕೊನೆಗೆ, ಮಗನನ್ನು ಉಳಿಸಲು ಹೋಗಿ ಸಾಯುತ್ತಿರುವ ತಂದೆ, ಒಂದು ಸಲ ನಿನ್ನನ್ನು ನನ್ನ ಸ್ವಂತ ಕಣ್ಣುಗಳಿಂದ ನೋಡಬೇಕು, ಮುಖವಾಡ ತೆಗೆ ಎಂದು ಮಗನನ್ನು ಕೇಳಿಕೊಳ್ಳುತ್ತಾನೆ.

ಬಾಗಿಲಿಗೆ ಒರಗಿ ನಿಂತಿದ್ದ ಯಜಮಾನರು ಒಳಗೆ ಬಂದು ಕುಳಿತರು. "ಮುಂದ? ಮಗಾ ತಗದನ?"

ಅಷ್ಟರಲ್ಲಿ ಕರೆಂಟ್ ಬಂದು ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಸಪ್ಪಳ ಮಾಡತೊಡಗಿದವು. ಉಳಿದದ್ದನ್ನು ಮಗ ತಂದೆಯ ಕಿವಿಯ ಬಳಿ ಬಾಗಿ ಹೇಳಬೇಕಾಯಿತು. ಪೆಟ್ಟಿಗೆಯನ್ನು ಆ ದಿನ ಯಾರೂ ತೆರೆಯಲಿಲ್ಲ.