ಮರ ಹಸಿರೇ ಇರ್ಬೇಕಾ ಮೇಷ್ಟ್ರೇ?

ನಾಲ್ಕನೇ ಕ್ಲಾಸಲ್ಲಿ ನಾನೊಂದು ಮರ ಬರೆದು ಪೂರ್ತಿ ಕೇಸರಿ ಬಣ್ಣ ಹಚ್ಚಿದ್ದೆ. "ಮರ ಹಸಿರು ಕಣೋ ದಡ್ಡ" ಅಂತ ಮೇಷ್ಟ್ರು ತಲೆಗೆ ಮೊಟಕಿದ್ರು. ಕಿಟಕಿಯಾಚೆ ಮುತ್ತುಗದ ಮರ ಒಂದೂ ಎಲೆಯಿಲ್ಲದೆ ಮೈತುಂಬ ಹೂ ಬಿಟ್ಟು ನಿಂತಿತ್ತು. ಮೇಷ್ಟ್ರು ಕೆಟ್ಟವರೇನಲ್ಲ. ನೋಡಿ ಬರೆಯೋದನ್ನ ಅವರಿಗೂ ಯಾರೂ ಕಲಿಸಿರಲಿಲ್ಲ, ಅಷ್ಟೆ.

ಆಮೇಲಾದ್ರೂ ಕಲಿಸಿದ್ರಾ? ನಾನು ಬಿಇ ಓದುವಾಗ ರಜೆಗೆ ಊರಿಗೆ ಹೋದ್ರೆ, ಡಿಎಡ್ ಮಾಡ್ತಿದ್ದ ಚಿಕ್ಕಪ್ಪನ ಮಗಳು ಸ್ಕೆಚ್ ಪೆನ್ನು ಹಿಡ್ಕೊಂಡು ಕಾಯ್ತಿದ್ಲು. ಅವಳ ಚಿತ್ರಕಲೆ ರೆಕಾರ್ಡು, ಚಾರ್ಟು ಎಲ್ಲ ಬರೆದುಕೊಟ್ಟಿದ್ದು ನಾನೇ. ಒಳ್ಳೆ ಮಾರ್ಕ್ಸೂ ಬಂತು. ಎಂಜಿನಿಯರಿಂಗ್ ಹುಡುಗನ ಚಿತ್ರಕ್ಕೆ ಟೀಚರ್ ಪಾಸು! ಇದಕ್ಕೆ ನಾವು ತರಬೇತಿ ಅಂತೀವಿ.

ಎಲ್ಲ ಹಂತದಲ್ಲೂ ಕಲೆ ಒಂದು ವಿಷಯವಾಗಿರಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಸರಿ, ಒಂದರಿಂದ ಐದನೇ ತರಗತಿಗೆ ಟೀಚರ್ ಆಗೋರು ಬರೆಯೋ ಟಿಇಟಿ ನೋಡಿ. ಒಟ್ಟು 150 ಅಂಕ. ಶಿಶು ವಿಕಸನ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ತಲಾ 30. ಕಲೆಗೆ ಸೊನ್ನೆ.

"ಡ್ರಾಯಿಂಗ್ ಮೇಷ್ಟ್ರನ್ನ ಹಾಕಿದ್ರಾಯ್ತಲ್ಲ" ಅಂತೀರಾ? ಶಿಕ್ಷಣ ಹಕ್ಕು ಕಾಯ್ದೆ ಅರೆಕಾಲಿಕ ಕಲಾ ಶಿಕ್ಷಕರನ್ನ ಕೊಡೋದು ನೂರಕ್ಕಿಂತ ಹೆಚ್ಚು ಮಕ್ಕಳಿದ್ರೆ, ಅದೂ ಆರರಿಂದ ಎಂಟನೇ ತರಗತಿಗೆ ಮಾತ್ರ. ನಮ್ಮೂರಿನಂಥ ಇಬ್ಬರು ಟೀಚರ್‌ಗಳ ಶಾಲೆಯಲ್ಲಿ ಎಲ್ಲವನ್ನೂ ಆ ಇಬ್ಬರೇ ಮಾಡಬೇಕು.

ಅವರೇನು ಕಲಾವಿದರಾಗಬೇಕಿಲ್ಲ. ತರಬೇತಿಯಲ್ಲಿ ಒಮ್ಮೆ ತಮ್ಮ ಕೈಯಾರೆ ಮಣ್ಣು ಕಲಸಿರಬೇಕು, ಒಂದು ಚಿತ್ರ ಕೆಡಿಸಿರಬೇಕು, ನಾಚಿಕೆ ಬಿಟ್ಟು ನಾಟಕದಲ್ಲಿ ಕುಣಿದಿರಬೇಕು. ಆಗ ಮಗು ತಂದು ತೋರಿಸಿದ್ದನ್ನ ತಿದ್ದೋ ಮೊದಲು "ಇದೇನು ಬರ್ದೆ, ಹೇಳು ಪುಟ್ಟಾ" ಅಂತ ಕೇಳೋ ಬುದ್ಧಿ ಬರುತ್ತೆ. ರೆಕಾರ್ಡನ್ನ ಮನೆಗೆ ಕೊಡಬೇಡಿ, ಕ್ಲಾಸಲ್ಲೇ ಕೂರಿಸಿ ಬರೆಸಿ. ಸೋಬಾನೆ ಹಾಡೋ ಅಜ್ಜಿಯನ್ನ, ತೊಗಲುಗೊಂಬೆ ಆಡಿಸೋರನ್ನ ಸಂಬಳ ಕೊಟ್ಟು ಒಂದು ವಾರ ಕರೆಸಿ. ಆಗಲ್ಲ ಅನ್ನಬೇಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ ಕಲಿ ಶುರುವಾದಾಗ ಹಾಡು, ಕತೆ, ಕಾರ್ಡು ಹಿಡಿದು ಪಾಠ ಮಾಡಿದೋರು ಸರ್ಕಾರಿ ಶಾಲೆ ಟೀಚರ್‌ಗಳೇ.

ನಾವೇನೋ ಬೆಂಗಳೂರಲ್ಲಿ ಶನಿವಾರ ಮಕ್ಕಳನ್ನ ಆರ್ಟ್ ಕ್ಲಾಸಿಗೆ ಬಿಟ್ಟು ಪಕ್ಕದಲ್ಲಿ ಕಾಫಿ ಕುಡೀತೀವಿ. ಊರಿನ ಮಕ್ಕಳಿಗೆ ಆ ಕ್ಲಾಸಿಲ್ಲ, ಅವರಿಗಿರೋದು ನನ್ನ ತಂಗಿಯಂಥ ಟೀಚರ್. ಮೊನ್ನೆ ಅವಳು ಫೋನ್ ಮಾಡಿದ್ಲು: "ಅಣ್ಣಾ, ಮಕ್ಳಿಗೆ ಡ್ರಾಯಿಂಗ್ ಹೇಳ್ಕೊಡ್ಬೇಕು, ನೋಡಿ ಬರೆಯೋಕೆ ಏನಾದ್ರೂ ವಾಟ್ಸಪ್ ಮಾಡೋ."

ಈ ಸಲ ನಾನು ಏನೂ ಕಳಿಸಲಿಲ್ಲ. "ಮಕ್ಳನ್ನ ಕರ್ಕೊಂಡು ಆಚೆ ಹೋಗು, ನೀನೂ ಬರಿ" ಅಂದೆ. ಹತ್ತು ವರ್ಷದ ಹಿಂದೆ ಆ ಸ್ಕೆಚ್ ಪೆನ್ನು ವಾಪಸ್ ಕೊಟ್ಟು ಇದೇ ಮಾತು ಹೇಳಬೇಕಿತ್ತು.